ಬರೆಯುವ ಕೈ, ಓದುವ ಯಂತ್ರ

ನಮ್ಮದು ಕಲಾ ಕಾಲೇಜು. ಇದರ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಪ್ರೋಗ್ರಾಮಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಪ್ರೋಗ್ರಾಂ ಬರೆಯುವ ಮಿತ್ರರು ನಮ್ಮಲ್ಲಿಯೂ ಇದ್ದಾರೆ. ಬರೆಯದವರ ಲೆಕ್ಕಪತ್ರಗಳೂ ದಿನದಿನಕ್ಕೆ ಪ್ರೋಗ್ರಾಮಿನ ಕೈಗೆ ಹೋಗುತ್ತಿವೆ. ಆದುದರಿಂದ ಯಂತ್ರವು ಕಲಿಯುವುದೆಂದರೇನು, ಕಲಿತ ಯಂತ್ರವನ್ನು ಎಷ್ಟು ನಂಬಬೇಕು, ಅದನ್ನು ಕೆಲಸದಲ್ಲಿ ಯಾವ ಸ್ಥಾನದಲ್ಲಿ ಇರಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಒಂದೇ ಉದಾಹರಣೆಯಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಹುಮನಾಬಾದಿನ ಒಂದು ಅಂಗಡಿಯಲ್ಲಿ ಹಳೆಯ ಖಾತೆ ಪುಸ್ತಕಗಳಿವೆಯೆಂದು ಭಾವಿಸೋಣ. ತೊಗರಿ, ಉದ್ದು, ಕಡಲೆಗಳ ತೂಕ, ದರ, ಒಟ್ಟು ಹಣ ಎಲ್ಲವೂ ಅವುಗಳಲ್ಲಿ ಕನ್ನಡ ಅಂಕಿಗಳ ಕೈಬರಹದಲ್ಲಿವೆ. ಪುಟಗಳ ಚಿತ್ರ ತೆಗೆದು ಆ ಲೆಕ್ಕವನ್ನು ಗಣಕಕ್ಕೆ ಇಳಿಸಬೇಕು. ಇದೇ ನಮ್ಮ ಸಮಸ್ಯೆ.

ಯಂತ್ರವು ಕಲಿಯುವ ಬಗೆ

ಸಾಮಾನ್ಯ ಪ್ರೋಗ್ರಾಮಿನಲ್ಲಿ ನಿಯಮಗಳನ್ನು ಮನುಷ್ಯನೇ ಬರೆಯುತ್ತಾನೆ. ತೂಕವನ್ನು ದರದಿಂದ ಗುಣಿಸು ಎಂದರೆ ಸಾಕು, ಯಂತ್ರ ಗುಣಿಸುತ್ತದೆ. ಆದರೆ ಕೈಬರಹದ ೩ ಯಾವುದು, ೭ ಯಾವುದು ಎಂಬುದಕ್ಕೆ ನಿಯಮ ಬರೆಯಹೊರಟರೆ ಕಷ್ಟ ತಿಳಿಯುತ್ತದೆ. ಅವಸರದಲ್ಲಿ ಬರೆದ ೧ರ ಬಾಯಿ ಮುಚ್ಚಿಹೋದರೆ ಅದು ೦ ಆಗುತ್ತದೆ. ೬ಕ್ಕೂ ೯ಕ್ಕೂ ಇರುವ ಅಂತರ ಒಂದು ಕೊಂಕಿನದು. ಇಂಥಲ್ಲಿ ನಿಯಮದ ಬದಲು ನಿದರ್ಶನಗಳನ್ನು ಕೊಡುವುದೇ ಯಂತ್ರಕಲಿಕೆಯ ಮಾರ್ಗ. ಅಮೆರಿಕದ ಆರ್ಥರ್ ಸ್ಯಾಮ್ಯುಯೆಲ್ ೧೯೫೯ರಲ್ಲಿ ಚೆಕರ್ಸ್ ಎಂಬ ಮಣೆಯಾಟವನ್ನು ಆಡುತ್ತಾಡುತ್ತಲೇ ಸುಧಾರಿಸಿಕೊಳ್ಳುವ ಪ್ರೋಗ್ರಾಮನ್ನು ವರ್ಣಿಸಿ ಈ ಹೆಸರನ್ನು ಬಳಕೆಗೆ ತಂದನು.

ಒಂದು ಅಂಕಿಯ ಚಿತ್ರವನ್ನು ಅಡ್ಡಕ್ಕೆ ೨೮, ಉದ್ದಕ್ಕೆ ೨೮ ಚೌಕಗಳಾಗಿ ವಿಂಗಡಿಸಿದರೆ ೭೮೪ ಚೌಕಗಳಾಗುತ್ತವೆ. ಒಂದೊಂದು ಚೌಕ ಎಷ್ಟು ಕಪ್ಪು, ಎಷ್ಟು ಬಿಳಿ ಎಂಬುದನ್ನು ಒಂದು ಸಂಖ್ಯೆಯಿಂದ ಹೇಳಬಹುದು. ಯಂತ್ರಕ್ಕೆ ಕಾಣುವುದು ಈ ೭೮೪ ಸಂಖ್ಯೆಗಳು ಮಾತ್ರ. ಅವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅದು ಮೊದಲು ಸುಮ್ಮನೆ ಊಹಿಸುತ್ತದೆ. ಊಹೆ ತಪ್ಪಿದಾಗಲೆಲ್ಲ ಆ ಬೆಲೆಗಳನ್ನು ಕೊಂಚ ಕೊಂಚ ತಿದ್ದಿಕೊಳ್ಳುತ್ತದೆ. ಸಾವಿರಾರು ಚಿತ್ರಗಳ ಮೇಲೆ ಹೀಗೆ ತಿದ್ದಿಕೊಳ್ಳುವುದಕ್ಕೆ ಕಲಿಕೆಯೆಂದು ಹೆಸರು. ಇದರಲ್ಲಿ ಮಾಯವಿಲ್ಲ, ತಿಳಿವಳಿಕೆಯೂ ಇಲ್ಲ, ಇರುವುದು ಅಭ್ಯಾಸ.

ಪರೀಕ್ಷೆಯಲ್ಲಿ ಕಂಡ ಅಂತರ

ಕನ್ನಡ ಅಂಕಿಗಳ ಮೇಲೆ ಇಂಥ ಅಭ್ಯಾಸ ನಡೆದಿದೆ. ವಿನಯ್ ಪ್ರಭು ಎಂಬ ಸಂಶೋಧಕರು ೨೦೧೯ರಲ್ಲಿ 'ಕನ್ನಡ-ಎಮ್‌ನಿಸ್ಟ್' ಎಂಬ ಸಂಗ್ರಹವನ್ನು ಪ್ರಕಟಿಸಿದರು. ಬೆಂಗಳೂರಿನ ೬೫ ಮಂದಿ ಸ್ವಯಂಸೇವಕರು ಚೌಕದ ಹಾಳೆಗಳ ಮೇಲೆ ಬರೆದ ಅಂಕಿಗಳಿಂದ ಇದು ಸಿದ್ಧವಾಯಿತು. ಕಲಿಸುವುದಕ್ಕೆ ೬೦,೦೦೦ ಚಿತ್ರಗಳು, ಪರೀಕ್ಷಿಸುವುದಕ್ಕೆ ೧೦,೦೦೦ ಚಿತ್ರಗಳು. ಇದರಿಂದ ಕಲಿತ ಯಂತ್ರ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು ೯೭ ಅಂಕಿಗಳನ್ನು ಸರಿಯಾಗಿ ಓದಿತು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕನ್ನಡ ಅಂಕಿ ಬರೆದು ರೂಢಿಯಿಲ್ಲದ ಬೇರೆಯವರಿಂದಲೂ ಹಾಳೆಗಳನ್ನು ಬರೆಯಿಸಿ, ೧೦,೨೪೦ ಚಿತ್ರಗಳ ಇನ್ನೊಂದು ಸಂಗ್ರಹ ಮಾಡಿದರು. ಅದೇ ಯಂತ್ರ ಇಲ್ಲಿ ನೂರಕ್ಕೆ ಸುಮಾರು ೭೬ಕ್ಕೆ ಇಳಿಯಿತು. ಅಂಕಿಗಳು ಅವೇ ಹತ್ತು. ಬದಲಾದದ್ದು ಬರೆದ ಕೈ.

೯೭ಕ್ಕೂ ೭೬ಕ್ಕೂ ಇರುವ ಅಂತರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಖಾತೆಯಲ್ಲಿ ದರವು ನಾಲ್ಕು ಅಂಕಿಗಳದ್ದೆಂದು ಇಟ್ಟುಕೊಳ್ಳಿ. ಒಂದಂಕಿ ತಪ್ಪಿದರೂ ದರ ತಪ್ಪಿದಂತೆಯೇ. ಒಂದು ಅಂಕಿಯ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲವೆಂದು ಎಣಿಸಿದರೆ, ಮೊದಲನೆಯ ಲೆಕ್ಕದಲ್ಲಿ ನೂರು ದರಗಳ ಪೈಕಿ ಸುಮಾರು ೮೮ ಸರಿಯಾಗುತ್ತವೆ. ಎರಡನೆಯದರಲ್ಲಿ ಕೇವಲ ೩೩. ಮೂರರಲ್ಲಿ ಎರಡು ದರ ತಪ್ಪಾದ ಖಾತೆಯನ್ನು ಯಾವ ರೈತ ಒಪ್ಪಿಯಾನು?

ಈಗ ನಮ್ಮ ಸೀಮೆಯನ್ನು ನೋಡಿ. ೧೯೫೬ರವರೆಗೆ ಬೀದರ ಜಿಲ್ಲೆ ಹೈದರಾಬಾದು ಸಂಸ್ಥಾನಕ್ಕೆ, ಅನಂತರ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ ದಫ್ತರದ ಭಾಷೆ ಉರ್ದು. ಬಸವಕಲ್ಯಾಣಕ್ಕೆ ಮಹಾರಾಷ್ಟ್ರದ ಗಡಿ ಹತ್ತಿರ; ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಆಡುವವರಿಗೆ ಇಲ್ಲಿ ಕೊರತೆಯಿಲ್ಲ. ಮೊದಲು ಉರ್ದು ಅಥವಾ ಮರಾಠಿ ಬರೆದು ಪಳಗಿ, ಆಮೇಲೆ ಕನ್ನಡ ಕಲಿತ ಕೈ ಬರೆದ ೨ರ ತಿರುವು ಬೆಂಗಳೂರಿನ ಹುಡುಗನ ೨ರಂತೆಯೇ ಇರಬೇಕೆಂಬ ನಿಯಮವಿದೆಯೇ? ಬೆಂಗಳೂರಿನ ಹಾಳೆಗಳಿಂದ ಕಲಿತ ಯಂತ್ರ ನಮ್ಮ ಹಿರಿಯರ ಖಾತೆಯನ್ನು ಹೇಗೆ ಓದೀತೆಂಬುದನ್ನು ಊಹೆಯಿಂದ ಹೇಳಲಾಗದು. ಪರೀಕ್ಷಿಸಿಯೇ ನೋಡಬೇಕು.

ಕೆಲಸದ ವಿಭಾಗ

ಯಂತ್ರ ತಪ್ಪುತ್ತದೆಂದು ಅದನ್ನು ಬಿಟ್ಟುಬಿಡಬೇಕಾಗಿಲ್ಲ. ತಪ್ಪನ್ನು ತಡೆಯುವಂತೆ ಇಡೀ ಪ್ರೋಗ್ರಾಮನ್ನು ರಚಿಸಬೇಕು. ಡೇವಿಡ್ ಪಾರ್ನಾಸ್ ೧೯೭೨ರಲ್ಲಿ ಒಂದು ಲೇಖನದಲ್ಲಿ ಈ ರಚನೆಯ ಸೂತ್ರವನ್ನು ಹೇಳಿದರು: ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದ ಒಳಗೆ ಅಡಗಿಸಿಡಬೇಕು, ಅದು ಬದಲಾದಾಗ ಉಳಿದ ಭಾಗಗಳು ಅಲುಗಬಾರದು.

ಇದರ ಹೋಲಿಕೆಗೆ ನಾವು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಐದು ವಿಂಶತಿಗಳಿವೆ. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಅಡುಗೆಯ ವಿಷಯ ಬೇಕಾದವನು ಆನೆಯ ವಿಷಯವನ್ನು ಓದಿರಬೇಕಾಗಿಲ್ಲ. ಒಳ್ಳೆಯ ಪ್ರೋಗ್ರಾಮಿನ ಭಾಗಗಳೂ ಹೀಗೆ ತಮ್ಮ ತಮ್ಮ ಮನೆಯಲ್ಲಿ ಇರಬೇಕು.

ನಮ್ಮ ಖಾತೆಯ ಪ್ರೋಗ್ರಾಮಿಗೆ ನಾಲ್ಕು ಭಾಗ ಸಾಕು. ಮೊದಲನೆಯದು ಪುಟದ ಚಿತ್ರದಿಂದ ಅಂಕಿಗಳನ್ನು ಬಿಡಿಸಿ ಕೊಡುತ್ತದೆ. ಎರಡನೆಯದು ಕಲಿತ ಯಂತ್ರ. ಅದು ಅಂಕಿಯನ್ನೂ, ತನಗೆ ಎಷ್ಟು ಭರವಸೆ ಎಂಬುದನ್ನೂ ಹೇಳುತ್ತದೆ. ಮೂರನೆಯದು ತಾಳೆ ನೋಡುತ್ತದೆ. ನಾಲ್ಕನೆಯದು ಲೆಕ್ಕವನ್ನು ಬರೆದಿಡುತ್ತದೆ. ಇವುಗಳಲ್ಲಿ ಪದೇಪದೇ ಬದಲಾಗುವುದು ಎರಡನೆಯದು. ಹೊಸ ನಿದರ್ಶನಗಳು ದೊರೆತಾಗ ಅದನ್ನು ಮತ್ತೆ ಕಲಿಸಬೇಕಾಗುತ್ತದೆ. ಅದನ್ನು ಬೇರೆಯಾಗಿ ಇರಿಸಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು.

ಮೂರನೆಯ ಭಾಗವನ್ನು ಕೀಳಾಗಿ ಕಾಣಬಾರದು. ತೂಕವನ್ನು ದರದಿಂದ ಗುಣಿಸಿದರೆ ಒಟ್ಟು ಹಣ ಬರಬೇಕೆಂಬ ನಿಯಮ ಅಂಗಡಿಯ ಗುಮಾಸ್ತನಿಗೆ ಮೊದಲಿನಿಂದಲೂ ಗೊತ್ತು. ಇದಕ್ಕೆ ಕಲಿಕೆ ಬೇಡ, ಗುಣಾಕಾರ ಸಾಕು. ಯಂತ್ರ ೩ನ್ನು ೭ ಎಂದು ಓದಿದ್ದರೆ ಗುಣಲಬ್ಧ ತಾಳೆಯಾಗುವುದಿಲ್ಲ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ನಿಯಮದಿಂದ ಆಗುವ ಕೆಲಸವನ್ನು ನಿಯಮಕ್ಕೇ ಬಿಡಬೇಕು. ನಿಯಮ ಬರೆಯಲಾಗದ ಕಡೆ ಮಾತ್ರ ಕಲಿಕೆಯನ್ನು ಕರೆಯಬೇಕು.

ತಾಳೆಯಾಗದ ಸಾಲು, ಭರವಸೆ ಕಡಿಮೆಯಾದ ಅಂಕಿ ಇವೆರಡೂ ಮನುಷ್ಯನ ಕಣ್ಣಿಗೆ ಬರಬೇಕು. ಆದರೆ ಯಂತ್ರದ ಭರವಸೆಯೊಂದನ್ನೇ ನಂಬಿ ಕೂಡುವುದು ಸಲ್ಲದು. ಹತ್ತು ಅಂಕಿಗಳನ್ನಷ್ಟೇ ಕಲಿತ ಯಂತ್ರಕ್ಕೆ ಮಸಿಯ ಕಲೆಯನ್ನು ತೋರಿಸಿದರೂ ಅದು ಹತ್ತರಲ್ಲಿ ಒಂದನ್ನು ಹೆಸರಿಸುತ್ತದೆ. 'ನಾನರಿಯೆ' ಎಂಬ ಉತ್ತರವನ್ನು ನಾವೇ ಪ್ರೋಗ್ರಾಮಿನಲ್ಲಿ ಇಡಬೇಕು. ಮನುಷ್ಯ ತಿದ್ದಿದ ಅಂಕಿಗಳನ್ನು ಎಸೆಯದೆ ಕೂಡಿಟ್ಟರೆ ಅವೇ ಮುಂದಿನ ಪಾಠವಾಗುತ್ತವೆ.

ನಾವು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಬಸವಕಲ್ಯಾಣ, ಹುಮನಾಬಾದುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಓಣಿಯ ಹಿರಿಯರ, ಅಂಗಡಿಕಾರರ, ಮನೆಯ ತಾಯಂದಿರ ಬಳಿಗೆ ಹೋಗಿ, ಒಂದೊಂದು ಹಾಳೆಯಲ್ಲಿ ೦ಯಿಂದ ೯ರವರೆಗೆ ಹತ್ತು ಸಾಲು ಬರೆಯಿಸಿ ತರಬಹುದು. ಯಾತಕ್ಕೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಹಾಳೆಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು.

ಹಾಳೆಗಳು ಬಂದ ಮೇಲೆ ಎರಡು ಎಚ್ಚರಿಕೆಗಳು ಅವಶ್ಯ. ಒಬ್ಬರು ಬರೆದ ಅಂಕಿಗಳಲ್ಲಿ ಅರ್ಧ ಕಲಿಸುವುದಕ್ಕೆ, ಅರ್ಧ ಪರೀಕ್ಷೆಗೆ ಎಂದು ಹಂಚಬಾರದು. ಹಾಗೆ ಮಾಡಿದರೆ ಯಂತ್ರ ಪರಿಚಿತ ಕೈಯನ್ನೇ ಮತ್ತೆ ಓದಿ ಹೆಚ್ಚು ಅಂಕ ಗಿಟ್ಟಿಸುತ್ತದೆ. ಆದ್ದರಿಂದ ಹಂಚಿಕೆ ಆಳಿನ ಮೇಲೆ ಆಗಬೇಕು, ಚಿತ್ರದ ಮೇಲೆ ಅಲ್ಲ. ಎರಡನೆಯದಾಗಿ, ಪರೀಕ್ಷೆಯ ಹಾಳೆಗಳನ್ನು ಪ್ರಶ್ನಪತ್ರಿಕೆಯಂತೆ ಕೊನೆಯವರೆಗೂ ಮುಚ್ಚಿಡಬೇಕು. ಅವನ್ನು ನೋಡಿ ನೋಡಿ ಪ್ರೋಗ್ರಾಮನ್ನು ತಿದ್ದಿದರೆ, ಪ್ರಶ್ನಪತ್ರಿಕೆಯನ್ನು ಮೊದಲೇ ಓದಿ ಪಾಸಾದ ವಿದ್ಯಾರ್ಥಿಗೂ ನಮ್ಮ ಯಂತ್ರಕ್ಕೂ ಭೇದವಿರುವುದಿಲ್ಲ.

ಹೊಸ ಯಂತ್ರವೊಂದು ನೂರಕ್ಕೆ ೯೭ ಸರಿಯೆಂದು ಯಾರಾದರೂ ಹೇಳಿದರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಕೈಬರಹದಲ್ಲಿ? ಆ ಪ್ರಶ್ನೆ ಕೇಳಲು ಗಣಿತದ ಪದವಿ ಬೇಕಿಲ್ಲ. ಕಲಾ ಕಾಲೇಜಿನವರೂ ಕೇಳಬಹುದು. ಉತ್ತರವನ್ನು ಹುಡುಕುವ ಹಾಳೆಗಳು ನಮ್ಮ ಓಣಿಗಳಿಂದಲೇ ಬರಲಿ.