ಯಾವ ಡಿಕಿನ್ಸನ್, ಯಾವ ವಿಟ್ಮನ್?

ಎಂ.ಎ. ಇಂಗ್ಲಿಷಿನಲ್ಲಿ ಅಮೆರಿಕನ್ ಸಾಹಿತ್ಯದ ಪೇಪರ್ ತೆಗೆದುಕೊಳ್ಳುವ ಹೊತ್ತಿಗಾಗಲೇ ನಾನು ಹತ್ತೊಂಬತ್ತನೇ ಶತಮಾನದ ಕವಿಗಳಿಗೆಲ್ಲ ಒಂದೊಂದು ಹಣೆಪಟ್ಟಿ ಅಂಟಿಸಿಬಿಟ್ಟಿದ್ದೆ. ವಿಟ್ಮನ್ ಪ್ರಜಾಪ್ರಭುತ್ವದ ಕವಿ, ಡಿಕಿನ್ಸನ್ ಬಿಳಿ ಬಟ್ಟೆಯ ಏಕಾಂಗಿ, ಪೋ ಸಾವಿನ ಗೀಳಿನವನು, ಲಾಂಗ್‌ಫೆಲೊ ಶಾಲಾ ಪುಸ್ತಕದವನು. ಐದು ಅಂಕದ ಟಿಪ್ಪಣಿಗೆ ಇಷ್ಟು ಧಾರಾಳವಾಯಿತು. ಪದ್ಯ ಓದಲು ಕೂತಾಗ ಮಾತ್ರ ಒಂದಾದ ಮೇಲೊಂದು ಪಟ್ಟಿ ಕಿತ್ತುಬಂತು. ಇದೇ ಪೇಪರ್ ಓದಲು ಕೂರುವವರಿಗೆ ನನ್ನ ಎಡವಟ್ಟುಗಳಿಂದ ಸ್ವಲ್ಪವಾದರೂ ಉಪಯೋಗವಾಗಲಿ.

1. ಪದ್ಯಕ್ಕಿಂತ ಮೊದಲು ಪುಸ್ತಕದ ಇಸವಿ ನೋಡಿ

ಡಿಕಿನ್ಸನ್ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಪುಕ್ಕಟೆ ಸಿಕ್ಕ ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು, ಆಕೆಯ ಶೀರ್ಷಿಕೆಗಳು ಎಷ್ಟು ಸೌಮ್ಯ, ವಿರಾಮಚಿಹ್ನೆಗಳು ಎಷ್ಟು ಶಿಸ್ತು, ಇದೆಲ್ಲ ನ್ಯೂ ಇಂಗ್ಲೆಂಡಿನ ಗೃಹಸ್ಥ ಸಂಸ್ಕಾರ ಎಂದು ಪುಟಗಟ್ಟಲೆ ಬರೆದೆ. ಓದಿ ಮುಗಿಸಿದ ಮೇಲೆ ಸಹಪಾಠಿಯೊಬ್ಬಳು ತನ್ನ ಪುಸ್ತಕ ತೆರೆದು ಮುಂದಿಟ್ಟಳು. ಅದೇ ಪದ್ಯ. ಶೀರ್ಷಿಕೆ ಇಲ್ಲ, ಸಾಲುಸಾಲಿಗೂ ಅಡ್ಡಗೆರೆಗಳು, ಎಲ್ಲೆಂದರಲ್ಲಿ ದೊಡ್ಡಕ್ಷರ, ಒಂದೆರಡು ಪದಗಳೇ ಬೇರೆ. ನಾನು ಹೊಗಳಿದ್ದ ಶಿಸ್ತು ಸಂಪಾದಕರದ್ದು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಬದುಕಿದ್ದಾಗ ಡಿಕಿನ್ಸನ್ ಪದ್ಯಗಳು ಅಚ್ಚಾದದ್ದು ಸುಮಾರು ಹತ್ತು, ಅವೂ ಹೆಚ್ಚಾಗಿ ಹೆಸರಿಲ್ಲದೆ. 1886ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿ ಲವಿನಿಯಾ ಕೈಗೆ ಕವಿತೆಗಳ ರಾಶಿ ಸಿಕ್ಕಿತು. ಅದರಲ್ಲಿ ದಾರದಿಂದ ಹೊಲಿದ ಸುಮಾರು 40 ಪುಟ್ಟ ಹೊತ್ತಗೆಗಳಿದ್ದವು. 1890ರಲ್ಲಿ ಮೊದಲ ಸಂಕಲನ ತಂದವರು ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ಹಿಗ್ಗಿನ್ಸನ್. 1862ರಲ್ಲಿ ಡಿಕಿನ್ಸನ್ ತಾನಾಗಿ ಪತ್ರ ಬರೆದು ಅಭಿಪ್ರಾಯ ಕೇಳಿದ್ದು ಇದೇ ಹಿಗ್ಗಿನ್ಸನ್‌ನನ್ನು. ಟಾಡ್, ಹಿಗ್ಗಿನ್ಸನ್ ಇಬ್ಬರೂ ಸೇರಿ ಶೀರ್ಷಿಕೆ ಇಟ್ಟರು, ಗೆರೆಗಳನ್ನು ತೆಗೆದರು, ಪ್ರಾಸ ಸರಿಯಿಲ್ಲ ಎನಿಸಿದ ಕಡೆ ತಿದ್ದಿದರು. ಬರೆದದ್ದನ್ನು ಬರೆದ ಹಾಗೇ ಕೊಡಲು ಹೊರಟ ಥಾಮಸ್ ಜಾನ್ಸನ್‌ನ ಆವೃತ್ತಿ ಬಂದದ್ದು 1955ರಲ್ಲಿ, 1,775 ಪದ್ಯಗಳೊಂದಿಗೆ. 1998ರ ಫ್ರಾಂಕ್ಲಿನ್ ಆವೃತ್ತಿಯಲ್ಲಿ ಅದು 1,789 ಆಯಿತು. ಹಕ್ಕುಸ್ವಾಮ್ಯ ಮುಗಿದ ಹಳೆಯ ಆವೃತ್ತಿಗಳೇ ಪುಕ್ಕಟೆ ಸಿಗುವುದರಿಂದ ಕೈಯಲ್ಲಿ ಕಾಸಿಲ್ಲದ ನಮ್ಮಂಥವರಿಗೆ ಮೊದಲು ಎದುರಾಗುವುದು ತಿದ್ದಿದ ಡಿಕಿನ್ಸನ್ನೇ. ಇನ್ನೂ ಒಂದು ಪೇಚಿದೆ: ಹಸ್ತಪ್ರತಿಯಲ್ಲಿ ಆಕೆಯೇ ಕೆಲವು ಪದಗಳ ಪಕ್ಕ ಕೂಡಿಸುವ ಗುರುತು ಹಾಕಿ, ಕೆಳಗೆ ಬದಲಿ ಪದಗಳನ್ನು ಬರೆದು, ಯಾವುದನ್ನೂ ಹೊಡೆದುಹಾಕದೆ ಬಿಟ್ಟಿದ್ದಾಳೆ. ಅಂಥ ಪುಟ ನೋಡಿದ ಮೇಲೆ "ಇಲ್ಲಿ ಈ ಪದವೇ ಅನಿವಾರ್ಯ" ಎಂದು ಬರೆಯುವ ನನ್ನ ಚಟ ತಾನಾಗಿ ಬಿಟ್ಟುಹೋಯಿತು.

2. ಗಟ್ಟಿಯಾಗಿ ಓದಿ, ಆದರೆ ಧಾಟಿಗೆ ಬಲಿಯಾಗಬೇಡಿ

ವಿಟ್ಮನ್‌ನ ಉದ್ದುದ್ದ ಪಟ್ಟಿಗಳನ್ನು ಮನಸ್ಸಿನಲ್ಲೇ ಓದಿದರೆ ನಿದ್ದೆ ಗ್ಯಾರಂಟಿ. ಹಾಸ್ಟೆಲ್ ತಾರಸಿಯ ಮೇಲೆ ಕೂಗಿ ಓದಿದಾಗ, ಸಾಲು ಮುಗಿಯುವುದಕ್ಕೂ ಉಸಿರು ಮುಗಿಯುವುದಕ್ಕೂ ಸಂಬಂಧ ಇದೆ ಎಂದು ಗೊತ್ತಾಯಿತು. ಆತನಿಗೆ ಇಟಾಲಿಯನ್ ಒಪೆರಾದ ಹುಚ್ಚಿತ್ತು ಎಂದು ಓದಿದಾಗ ಆಶ್ಚರ್ಯವಾಗಲಿಲ್ಲ.

ಇದೇ ಉಪಾಯ ಡಿಕಿನ್ಸನ್ ಹತ್ತಿರ ನಡೆಯಲಿಲ್ಲ. ಆಕೆಯ ಎಷ್ಟೋ ಪದ್ಯಗಳು ಇಗರ್ಜಿಯ ಸ್ತುತಿಗೀತೆಗಳ ಛಂದಸ್ಸಿನಲ್ಲಿವೆ: ಎಂಟು ಉಚ್ಚಾರಾಂಶ, ಆರು, ಮತ್ತೆ ಎಂಟು, ಆರು. ಚರ್ಚಿನಲ್ಲಿ ಹಾಡುವ ಗೆಳೆಯನೊಬ್ಬ 'ಅಮೇಜಿಂಗ್ ಗ್ರೇಸ್' ಧಾಟಿಗೆ ಒಂದನ್ನು ಹೊಂದಿಸಿ ತೋರಿಸಿದ. ಅಲ್ಲಿಂದ ನಾನು ಎಲ್ಲವನ್ನೂ ಹಾಡಲು ಶುರುಮಾಡಿದೆ. ಪರಿಣಾಮ: ಆಕೆ ಬೇಕೆಂದೇ ಲಯ ಮುರಿದ ಜಾಗಗಳನ್ನೆಲ್ಲ ನನ್ನ ರಾಗ ಮುಚ್ಚಿಹಾಕಿತು. ಧಾಟಿಯನ್ನು ಕಲಿಯುವುದಕ್ಕಿಂತ ಮರೆಯಲು ಹೆಚ್ಚು ಕಷ್ಟಪಡಬೇಕಾಯಿತು.

3. ಕವಿಯಲ್ಲಿ ಸಂತನನ್ನು ಹುಡುಕಬೇಡಿ

ವಿಟ್ಮನ್‌ನ 1855ರ 'ಲೀವ್ಸ್ ಆಫ್ ಗ್ರಾಸ್'ನ ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ ಎಂದು ಓದಿ ನಾನು ಕರಗಿಹೋಗಿದ್ದೆ. ಎಂಥ ವಿನಯ! ಆಮೇಲೆ ಉಳಿದ ಕಥೆ ತಿಳಿಯಿತು. ಹೆಸರಿನ ಬದಲು ಸ್ವಂತ ಚಿತ್ರ ಇತ್ತು. ತನ್ನ ಪುಸ್ತಕಕ್ಕೆ ತಾನೇ ಅನಾಮಧೇಯ ವಿಮರ್ಶೆಗಳನ್ನು ಬರೆದುಕೊಂಡ. ಆಗಲೇ ಹೆಸರಾಂತ ಲೇಖಕನಾಗಿದ್ದ ಎಮರ್ಸನ್ ಖಾಸಗಿಯಾಗಿ ಬರೆದ ಮೆಚ್ಚುಗೆಯ ಪತ್ರವನ್ನು ಕೇಳದೆ ಪೇಪರಿಗೆ ಕೊಟ್ಟ; 1856ರ ಆವೃತ್ತಿಯ ಬೆನ್ನಿನ ಮೇಲೆ ಅದರ ಒಂದು ಮಾತನ್ನು ಚಿನ್ನದ ಅಕ್ಷರದಲ್ಲಿ ಹಾಕಿಸಿದ. ನನಗೆ ರೇಗಿ ಪುಸ್ತಕ ಮುಚ್ಚಿಟ್ಟೆ. ಅಂತರ್ಯುದ್ಧದ ಕಾಲದಲ್ಲಿ ವಾಷಿಂಗ್ಟನ್‌ನ ಆಸ್ಪತ್ರೆಗಳಲ್ಲಿ ಗಾಯಾಳುಗಳ ಪಕ್ಕ ಕೂತು ಅವರ ಮನೆಗೆ ಕಾಗದ ಬರೆದುಕೊಡುತ್ತಿದ್ದವನೂ ಇವನೇ ಎಂದು ಗೊತ್ತಾದಾಗ ಮತ್ತೆ ಸಂತ ಮಾಡಿದೆ. ಇಷ್ಟೆಲ್ಲ ಏರಿಳಿತದಲ್ಲಿ, ಹನ್ನೆರಡೇ ಪದ್ಯಗಳಿದ್ದ ಪುಸ್ತಕವನ್ನು ಸಾಯುವವರೆಗೂ ತಿದ್ದಿ ಬೆಳೆಸಿದ ಕಸುಬುದಾರನನ್ನು ಗಮನಿಸಲು ಪುರುಸೊತ್ತೇ ಆಗಿರಲಿಲ್ಲ.

4. ನಾಲ್ಕು ಜನ ನಗುತ್ತಾರೆಂದು ನಗಬೇಡಿ

ಲಾಂಗ್‌ಫೆಲೊ ಹೆಸರೆತ್ತಿದರೆ ನಗುವುದು ನಮ್ಮ ಗುಂಪಿನಲ್ಲಿ ಬುದ್ಧಿವಂತಿಕೆಯ ಲಕ್ಷಣವಾಗಿತ್ತು. ನಾನು ಓದದೆಯೇ ಎಲ್ಲರಿಗಿಂತ ಜೋರಾಗಿ ನಕ್ಕವನು. ಆಮೇಲೆ ತಿಳಿದ ಸಂಗತಿ ಇದು: 1861ರಲ್ಲಿ ಬಟ್ಟೆಗೆ ಬೆಂಕಿ ಹತ್ತಿ ಲಾಂಗ್‌ಫೆಲೊನ ಹೆಂಡತಿ ಫ್ಯಾನಿ ತೀರಿಕೊಂಡಳು. ಆರಿಸಲು ಹೋಗಿ ಆತನಿಗೂ ಸುಟ್ಟಗಾಯವಾಯಿತು. ಆ ದುಃಖದ ಮೇಲೆ ಒಂದು ಸಾನೆಟ್ ಬರೆದದ್ದು 1879ರಲ್ಲಿ, ಹದಿನೆಂಟು ವರ್ಷ ಬಿಟ್ಟು. ಬರೆದು ಅಚ್ಚಿಗೂ ಕೊಡಲಿಲ್ಲ; ಅದು ಹೊರಬಂದದ್ದು ಸತ್ತ ಮೇಲೆ. ಅದನ್ನು ಓದಿದ ದಿನ ನನ್ನ ನಗು ನಿಂತಿತು. ಆತನ ಕಥನಕಾವ್ಯ 'ಹಯಾವಥಾ' ಬಗ್ಗೆ ಮಾತ್ರ ಈಗಲೂ ತಕರಾರಿದೆ: ಒಜಿಬ್ವೆ ಜನರ ಕಥೆಗಳಿಗೆ ಇರೊಕ್ವಾ ನಾಯಕನ ಹೆಸರಿಟ್ಟು, ಫಿನ್ಲೆಂಡಿನ ಮಹಾಕಾವ್ಯ 'ಕಲೆವಲಾ'ದ ಲಯದಲ್ಲಿ ಹಾಡಿಸಿದ್ದಾನೆ.

5. ಕವಿ ತನ್ನ ಬಗ್ಗೆ ಹೇಳಿದ್ದನ್ನು ಪೂರ್ತಿ ನಂಬಬೇಡಿ

'ದಿ ರೇವನ್' ಪದ್ಯವನ್ನು ಲೆಕ್ಕ ಬಿಡಿಸಿದ ಹಾಗೆ ಕಟ್ಟಿದೆ ಎಂದು ಪೋ 1846ರಲ್ಲಿ ಪ್ರಬಂಧ ಬರೆದ. ನಾನು ಅದನ್ನು ಪರೀಕ್ಷೆಯಲ್ಲಿ ವೇದವಾಕ್ಯದಂತೆ ಇಳಿಸಿದೆ. ಹಾಸ್ಯದ ಬರಹವನ್ನೂ ವಂಚನೆಯ ಸುದ್ದಿಯನ್ನೂ ಬರೆದ ಮನುಷ್ಯ ಇವನು ಎಂಬುದು ನೆನಪಾಗಬೇಕಿತ್ತು.

6. ಪರಿಚಯದ ಮುಖ ಕಂಡಾಗ ಬೀಗಬೇಡಿ

ಎಮರ್ಸನ್‌ನ 'ಬ್ರಹ್ಮ' 1857ರಲ್ಲಿ ಅಟ್ಲಾಂಟಿಕ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದಾಗ ಅಮೆರಿಕದ ಓದುಗರು ತಬ್ಬಿಬ್ಬಾದರಂತೆ, ಅಣಕಗಳೂ ಹುಟ್ಟಿಕೊಂಡವು. ಪದ್ಯದಲ್ಲಿ ಭಗವದ್ಗೀತೆಯ ಎರಡನೇ ಅಧ್ಯಾಯದ ದನಿಯಿದೆ; ಅದನ್ನು ಕೇಳಿ ಬೆಳೆದ ನನಗೇನು ಕಷ್ಟ? ತರಗತಿಯಲ್ಲಿ ಎದ್ದು ನಿಂತು ಉಪನ್ಯಾಸವನ್ನೇ ಕೊಟ್ಟೆ. ಮೇಷ್ಟ್ರು ಕೇಳಿಸಿಕೊಂಡು, "ಎಲ್ಲಾ ಸರಿಯಪ್ಪ, ಕೊನೆಯಲ್ಲಿ ಮಾತು ಯಾರ ಕಡೆ ತಿರುಗುತ್ತೆ?" ಎಂದರು. ನಾನು ಕೊನೆಯವರೆಗೆ ಓದಿದ್ದರೆ ತಾನೇ! ಎಮರ್ಸನ್ ಬಾಸ್ಟನ್ನಿನಲ್ಲಿ ಪಾದ್ರಿಯಾಗಿದ್ದು 1832ರಲ್ಲಿ ಆ ಹುದ್ದೆ ಬಿಟ್ಟವನು. ಪದ್ಯ ಕೊನೆಗೆ ಸ್ವರ್ಗದ ಆಸೆ ಬಿಡಲು ಹೇಳುವುದು ತನ್ನೂರಿನ ಸಜ್ಜನ ಭಕ್ತರಿಗೆ ಎಂದು ಓದಿಕೊಂಡರೆ ಅದರ ಮೊನಚೇ ಬೇರೆ. ನನ್ನ ಗೀತಾಜ್ಞಾನ ಅರ್ಧ ದಾರಿಗೆ ತಂದು ಕೈಬಿಟ್ಟಿತ್ತು.

7. 'ಅಸಲಿ' ಎಂದು ಆರಿಸುವ ಮುನ್ನ ತಡೆಯಿರಿ

ಪಾಲ್ ಲಾರೆನ್ಸ್ ಡನ್ಬರ್, ಗುಲಾಮಗಿರಿಯಿಂದ ಹೊರಬಂದ ತಂದೆತಾಯಿಯ ಮಗ, ಒಹಾಯೊದ ಡೇಟನ್‌ನಲ್ಲಿ ಲಿಫ್ಟ್ ನಡೆಸುತ್ತಾ ಪದ್ಯ ಬರೆದವನು. 1896ರಲ್ಲಿ ಹೆಸರಾಂತ ವಿಮರ್ಶಕ ಹೊವೆಲ್ಸ್ ಆತನ ಆಡುನುಡಿಯ ಪದ್ಯಗಳನ್ನು ಕೊಂಡಾಡಿದ. ಖ್ಯಾತಿ ಬಂತು, ಜೊತೆಗೇ ಎಲ್ಲರೂ ಅಂಥದ್ದನ್ನೇ ಕೇಳತೊಡಗಿದರು. ಡನ್ಬರ್‌ಗೆ ಅದು ಕೊನೆತನಕ ಕೊರಗಾಯಿತು. ಅಸೈನ್‌ಮೆಂಟಿಗೆ ಒಂದು ಪದ್ಯ ಆರಿಸಿಕೊಳ್ಳಿ ಎಂದಾಗ ನಾನೂ ಆಡುನುಡಿಯದ್ದನ್ನೇ ತೆಗೆದುಕೊಂಡು "ಇದೇ ಆತನ ನಿಜವಾದ ದನಿ" ಎಂದು ಷರಾ ಬರೆದಿದ್ದೆ. ಶಿಷ್ಟ ಇಂಗ್ಲಿಷಿನ ಪದ್ಯಗಳನ್ನು ಓದತೊಡಗಿದ್ದು ಅಂಕ ಬಂದ ಮೇಲೆ. ಅಂಕವೇನೋ ಚೆನ್ನಾಗಿಯೇ ಬಂದಿತ್ತು.