ಹೃದಯ ಸಿಗುವವರೆಗೆ ಮನೆಯವರ ಕೆಲಸ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ದ್ರಾಕ್ಷಿ ತೋಟದ ಮನೆ. ಯಜಮಾನರ ಹೃದಯದ ‘ಪಂಪಿಂಗ್’ 20 ಪರ್ಸೆಂಟಿಗೆ ಇಳಿದಿದೆ. ಗಟ್ಟಿ ಹೃದಯದಲ್ಲಿ ಇದು 50ರಿಂದ 70 ಇರುತ್ತದೆ. ಬರೀ ಮಾತ್ರೆಗಳಿಂದ ಇನ್ನು ಆಗುವುದಿಲ್ಲವೆಂದು ವೈದ್ಯರು ಕಸಿಯ ಪಟ್ಟಿಗೆ ಹೆಸರು ಸೇರಿಸಿದ್ದಾರೆ. ಹೃದಯ ಯಾವಾಗ ಸಿಗುತ್ತದೋ ಯಾರೂ ಹೇಳಲಾರರು. ಸಿಕ್ಕ ದಿನ ಆಪರೇಷನ್ ತಾಳುವಂತೆ ಅವರ ಕಿಡ್ನಿ, ಶ್ವಾಸಕೋಶ, ಮನಸ್ಸು ಎಲ್ಲವೂ ನೆಟ್ಟಗಿರಬೇಕು. ಅದರಲ್ಲಿ ಹೆಚ್ಚಿನ ಪಾಲು ಮನೆಯವರ ಕೈಯಲ್ಲೇ ಇದೆ. ನಮ್ಮಂಥ ಮನೆಗಳಿಗೆ ಉಪಯೋಗವಾಗಲೆಂದು ನಾನು ಕಲಿತದ್ದನ್ನು ಬರೆದಿದ್ದೇನೆ.

1. ದಿನಾ ಬೆಳಿಗ್ಗೆ ತೂಕ ನೋಡಿ.
ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಚಹಾಕ್ಕೆ ಮೊದಲು, ಅದೇ ಯಂತ್ರದ ಮೇಲೆ ನಿಲ್ಲಿಸಿ ವಹಿಯಲ್ಲಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿತೆಂದರೆ ಅದು ಉಂಡ ಊಟದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಪಾದ ಬಾತು ಬೆರಳೊತ್ತಿದರೆ ಗುಳಿ ಬೀಳುವುದು, ಮಲಗಲು ದಿಂಬಿನ ಮೇಲೆ ದಿಂಬು ಬೇಕಾಗುವುದು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂಡುವುದು, ಎಲ್ಲವೂ ಅದೇ ಸುದ್ದಿಯನ್ನು ಹೇಳುತ್ತವೆ. ಅಂದೇ ವೈದ್ಯರಿಗೆ ಫೋನ್ ಮಾಡಿ.

2. ಉಪ್ಪು ರೊಟ್ಟಿಯಲ್ಲಿಲ್ಲ, ಅದರ ಜೊತೆಗಿದೆ.
ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ, ಇದು ನಮ್ಮ ಪುಣ್ಯ. ಉಪ್ಪೆಲ್ಲ ಇರುವುದು ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ. ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿ, ಬೆಳ್ಳುಳ್ಳಿ, ಜೀರಿಗೆ, ನಿಂಬೆಹುಳಿ ಹೆಚ್ಚು ಹಾಕಿದೆ. ಕೆಲವು ವಾರಗಳಲ್ಲಿ ನಾಲಗೆ ಒಗ್ಗಿತು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪನ್ನು ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯದ ಕೆಲವು ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ನಮ್ಮೂರಿನ ಒಣದ್ರಾಕ್ಷಿಗೂ ಎಳನೀರಿಗೂ ಇದೇ ಎಚ್ಚರ ಬೇಕು.

3. ನೀರಿಗೆ ಅಳತೆ ಇಡಿ.
ವೈದ್ಯರು ಹೇಳಿದಷ್ಟನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡುತ್ತೇನೆ. ಚಹಾ, ಮಜ್ಜಿಗೆ, ಸಾರು ಎಲ್ಲ ಅದೇ ಲೆಕ್ಕಕ್ಕೆ. ವಿಜಯಪುರದ ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿ ತೂಕ ಇಳಿದು, ಎದ್ದು ನಿಂತಾಗ ತಲೆ ಸುತ್ತಿದರೆ ನೀರಿನ ಅಳತೆಯನ್ನೂ ಮೂತ್ರದ ಮಾತ್ರೆಯನ್ನೂ ವೈದ್ಯರೇ ಬದಲಿಸಬೇಕು. ನಾವಾಗಿ ಮಾತ್ರೆ ಬಿಡಿಸಬಾರದು.

4. ಮೊಣಕಾಲ ನೋವಿನ ಗುಳಿಗೆ ದೂರವಿರಲಿ.
ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಮೊದಲೇ ‘ಹೃದಯದ ಪೇಶಂಟ್’ ಎಂದು ಹೇಳಿ. ಹಲ್ಲಿನ ಹುಳುಕು ಈಗಲೇ ತೋರಿಸಿ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಿ. ಸೋಂಕಿದ್ದ ದಿನ ಹೃದಯ ಸಿಕ್ಕರೂ ಹಾಕಲಾಗದು. ತಂಬಾಕು ಪೂರ್ತಿ ಬಿಡಲೇಬೇಕು.

5. ಪಟ್ಟಿಯನ್ನೂ ದಾರಿಯನ್ನೂ ತಿಳಿದಿರಿ.
ರಾಜ್ಯದಲ್ಲಿ ಅಂಗಾಂಗ ಹಂಚುವುದು ‘ಜೀವಸಾರ್ಥಕತೆ’ ಸಂಸ್ಥೆ. ಹೆಸರು ನೋಂದಾಯಿಸುವುದು ಕಸಿ ಮಾಡುವ ಆಸ್ಪತ್ರೆ. ರಕ್ತದ ಗುಂಪು, ಮೈಕಟ್ಟು, ತುರ್ತು ನೋಡುತ್ತಾರೆ. ವಶೀಲಿ ಹುಡುಕಿ ಹೊತ್ತು ಕಳೆಯಬೇಡಿ. ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಕೂಡಿಸಬೇಕು, ಆದ್ದರಿಂದ ಕರೆ ಬಂದ ಕೂಡಲೇ ಆಸ್ಪತ್ರೆ ತಲುಪಬೇಕು. ಬೆಂಗಳೂರು ನಮಗೆ 500 ಕಿಲೋಮೀಟರಿಗೂ ದೂರ. ಬೆಳಗಾವಿ ಸುಮಾರು 200. ಅಲ್ಲಿನ ಕೆಎಲ್ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲೂ ಹೃದಯ ಕಸಿ ನಡೆದಿದೆ. ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆ ಹಿಡಿಯಬೇಕಾದೀತೇ ಎಂದು ಮೊದಲೇ ಕೇಳಿಕೊಳ್ಳಿ. ಫೋನ್ ಸದಾ ಚಾರ್ಜ್ ಇರಲಿ. ಗಾಡಿ ಓಡಿಸುವವರು ಇಬ್ಬರು ಗೊತ್ತಿರಲಿ, ಒಬ್ಬರು ತಿಕೋಟಾದವರಾದರೆ ಇನ್ನೊಬ್ಬರು ಬಬಲೇಶ್ವರದವರಾದರೂ ಆದೀತು. ಕರೆ ಬಂದು, ಹೋದ ಮೇಲೆ ಆ ಹೃದಯ ಸರಿಯಿಲ್ಲವೆಂದು ವಾಪಸ್ ಕಳಿಸುವುದೂ ಉಂಟು. ಅದನ್ನು ಯಜಮಾನರಿಗೆ ಮುಂಚೆಯೇ ತಿಳಿಸಿಡಿ.

6. ಕಾಗದಪತ್ರ ಒಂದೇ ಚೀಲದಲ್ಲಿರಲಿ.
ಆಧಾರ್, ರೇಷನ್ ಕಾರ್ಡ್, ಎಕೋ ವರದಿ, ಮಾತ್ರೆಗಳ ಚೀಟಿ. ಬಿಪಿಎಲ್ ಕುಟುಂಬಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವಿದೆ. ಆಸ್ಪತ್ರೆಯ ಸಂಯೋಜಕರನ್ನು ಕೇಳಿ. ಕಸಿಯ ನಂತರದ ಮಾತ್ರೆಗಳು ಜೀವನಪೂರ್ತಿ ಬೇಕು, ಹೊಲ ಮಾರುವ ಮಾತಿಗೆ ಮೊದಲು ಈ ಲೆಕ್ಕ ಹಾಕಿ.

7. ಅವರನ್ನು ಮೂಲೆಗೆ ಕೂಡಿಸಬೇಡಿ, ನೀವೂ ಬೀಳಬೇಡಿ.
ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಗೆ ಆಳು ಕರೆಸುವುದು, ಔಷಧ ಸಿಂಪಡಿಸುವ ದಿನ ಗೊತ್ತುಮಾಡುವುದು ಈಗಲೂ ನಮ್ಮ ಯಜಮಾನರೇ. ಓಡಾಟ ಮೈದುನನದು. “ವೈನಿ, ಇವತ್ತೊಂದಿನ ನಾ ಇರ್ತೀನಿ, ನೀವು ಮಲಗ್ರಿ” ಎಂದು ಅವನು ಅಂದರೆ ಬೇಡವೆನ್ನುವುದಿಲ್ಲ. ನನ್ನ ಬಿಪಿಯನ್ನೂ ತೋರಿಸಿಕೊಳ್ಳುತ್ತೇನೆ. ನೋಡಿಕೊಳ್ಳುವವರು ಹಾಸಿಗೆ ಹಿಡಿದರೆ ಆ ಮನೆಗೆ ದಿಕ್ಕಿಲ್ಲ.

8. ಇನ್ನೊಬ್ಬರ ಸಾವಿಗೆ ಕಾಯುತ್ತಿದ್ದೇವೆಂದು ನೋಯಬೇಡಿ.
ಆ ಸಾವು ನಮ್ಮಿಂದ ಆಗುವುದಲ್ಲ. ಮಿದುಳು ಸತ್ತಿದೆಯೆಂದು ವೈದ್ಯರ ಸಮಿತಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಖಚಿತಪಡಿಸಿದ ಮೇಲೆಯೇ ದಾನದ ಮಾತು. ಅಂಥ ದುಃಖದಲ್ಲೂ ಒಂದು ಮನೆ ‘ಹೂಂ’ ಅಂದರೆ ಮಾತ್ರ ಇನ್ನೊಂದು ಮನೆ ಉಳಿಯುತ್ತದೆ. ಪ್ರತಿಜ್ಞೆಯ ಕಾರ್ಡ್ ಇದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಕೇಳುತ್ತಾರೆ. ಆದ್ದರಿಂದ ಓದುವ ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಅಂಗಾಂಗ ದಾನಕ್ಕೆ ಹೆಸರು ಕೊಡಿ, ಇಂದು ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೆಂಡತಿಗೆ, ಗಂಡನಿಗೆ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ.