ಜೀನ್ ತೆಗೆದರೂ ಬದುಕಿದ ಯೀಸ್ಟ್

ಪುಟ್ಟಿ,

ನಿನ್ನ ಕಾಗದ ಓದಿ ಸಂಕಟವಾಯಿತು. ತಿಂಗಳುಗಟ್ಟಲೆ ಒದ್ದಾಡಿ ಯೀಸ್ಟಿನಿಂದ ಒಂದು ಜೀನ್ ತೆಗೆದೆ, ತೆಗೆದ ಮೇಲೂ ಅದು ಏನೂ ಆಗದ ಹಾಗೆ ಪ್ಲೇಟಿನ ತುಂಬ ಬೆಳೆದಿದೆ, ಪಿಎಚ್.ಡಿ. ಕೈಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ ಮಗಳೇ. ಎನ್ರಿಕೋ ಕಬೀಬ್ ಅವರಿಗೂ ಹೀಗೇ ಆಗಿತ್ತು. ಆ ಕತೆ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯಲು ಕೂತೆ.

ಕಬೀಬ್ ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾ ಸೇರಿದವರು. ಬ್ಯೂನಸ್ ಐರಿಸ್‌ನಲ್ಲಿ ಲೂಯಿಸ್ ಲೆಲ್ವಾರ್ ಅವರ ಗರಡಿಯಲ್ಲಿ ಪಳಗಿದರು. 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಅದೇ ಲೆಲ್ವಾರ್. ಆಮೇಲೆ ಅಮೆರಿಕದ ಬೆಥೆಸ್ಡಾಕ್ಕೆ ಹೋಗಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಯೀಸ್ಟ್ ಕೋಶದ ಗೋಡೆಯ ಬೆನ್ನು ಹತ್ತಿದರು.

ಈ ಕಾಗದವನ್ನು ನಿನ್ನ ದೊಡ್ಡಮ್ಮನೂ ಓದುತ್ತಾಳೆ, ಅವಳಿಗಾಗಿ ನಾಲ್ಕು ಮಾತು. ಆ ಗೋಡೆಯಲ್ಲಿ ಹೆಚ್ಚಿನ ಪಾಲು ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ, ಅದರ ಹೊರಗೆ ಸಕ್ಕರೆ ಹೊತ್ತ ಪ್ರೋಟೀನುಗಳು. ಸಿಗಡಿ ಚಿಪ್ಪಿನಲ್ಲಿರುವ ಕೈಟಿನ್ ಇಲ್ಲೂ ಇದೆ, ನೂರಕ್ಕೆ ಒಂದೆರಡು ಪಾಲು ಮಾತ್ರ. ಆದರೆ ಅದು ಕೂತಿರುವ ಜಾಗ ನೋಡು. ಯೀಸ್ಟ್ ಮೊಗ್ಗು ಬಿಡುವಾಗ ಮೊಗ್ಗಿನ ಕತ್ತಿನ ಸುತ್ತ ಕೈಟಿನ್ ಉಂಗುರವೊಂದು ಮೂಡುತ್ತದೆ. ಮೊಗ್ಗು ಬಲಿತ ಮೇಲೆ ಉಂಗುರದೊಳಗೆ ತೆಳ್ಳನೆಯ ಕೈಟಿನ್ ಪರದೆ ಕಟ್ಟಿಕೊಂಡು ತಾಯಿಯನ್ನೂ ಮಗುವನ್ನೂ ಬೇರೆ ಮಾಡುತ್ತದೆ. ಮಗು ಬಿಡಿಸಿಕೊಂಡು ಹೋದರೂ ಉಂಗುರ ತಾಯಿಯ ಮೈಮೇಲೆ ಉಳಿಯುತ್ತದೆ. ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಉಂಗುರಗಳು ನೀಲಿಯಾಗಿ ಹೊಳೆಯುತ್ತವೆ. ಎಣಿಸಿದರೆ ಆಯಿತು, ತಾಯಿ ಎಷ್ಟು ಹೆತ್ತಿದ್ದಾಳೆಂದು ಹೇಳಿಬಿಡಬಹುದು.

ಈ ಕೈಟಿನ್ ತಯಾರಿಸುವ ಕಿಣ್ವ ಕೋಶದಲ್ಲಿ ನಿದ್ದೆಹೋದಂತೆ ಇರುತ್ತದೆ, ಪ್ರೋಟೀನ್ ಕತ್ತರಿಸುವ ಮತ್ತೊಂದು ಕಿಣ್ವ ತಾಕಿದಾಗ ಎಚ್ಚರಗೊಳ್ಳುತ್ತದೆ ಎಂದು ಕಬೀಬ್ 1971ರ ಹೊತ್ತಿಗೆ ತೋರಿಸಿದ್ದರು. ಪರದೆ ಕಟ್ಟುವುದು ಇದೇ ಎಂಬುದು ಅವರ ತರ್ಕ. ವರ್ಷಗಳ ದುಡಿಮೆ ಅದರ ಮೇಲೆ ನಿಂತಿತ್ತು. 1986ರಲ್ಲಿ ಎಂಐಟಿಯ ಫಿಲಿಪ್ಸ್ ರಾಬಿನ್ಸ್ ತಂಡದ ಜೊತೆ ಸೇರಿ ಆ ಕಿಣ್ವದ ಜೀನನ್ನೇ ಹಿಡಿದು ಕೆಡಿಸಿದರು. ಪರದೆ ಇಲ್ಲದೆ ಯೀಸ್ಟ್ ಸಾಯಬೇಕಿತ್ತು. ಸಾಯಲಿಲ್ಲ. ಕೋಶ ಒಡೆದು ಅಳೆದರೆ ಕಿಣ್ವದ ಚಟುವಟಿಕೆ ಕಾಣದು, ಬದುಕಿರುವ ಕೋಶದ ಗೋಡೆಯಲ್ಲಿ ಮಾತ್ರ ಕೈಟಿನ್ ಎಂದಿನ ಹಾಗೇ ಇದೆ! ಈ ಜೀನ್ ಇಲ್ಲದೆಯೂ ಜೀವಂತ ಕೋಶ ಕೈಟಿನ್ ಮಾಡುತ್ತದೆ ಎಂಬುದನ್ನು ಪ್ರಬಂಧದ ಶೀರ್ಷಿಕೆಯಲ್ಲೇ ಬರೆದರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಅಲ್ಲಿ.

ಮೊದಲನೆಯದು ಇಲ್ಲದ ಆ ತಳಿಯಲ್ಲೇ ಹುಡುಕಿದಾಗ ಎರಡನೆಯ ಕಿಣ್ವ ಸಿಕ್ಕಿತು. ಪರದೆ ಕಟ್ಟುವುದು ಅದು. ಮೊದಲನೆಯದರ ಅಬ್ಬರದಲ್ಲಿ ಇದರ ಸದ್ದೇ ಕೇಳಿರಲಿಲ್ಲ. ಮುಂದೆ ಮೂರನೆಯದೂ ಸಿಕ್ಕಿತು. ಉಂಗುರದ ಕೈಟಿನ್ ಅದರ ಕೆಲಸ.

ಹಾಗಾದರೆ ಮೊದಲನೆಯದಕ್ಕೆ ಏನು ಕೆಲಸ? ಅದನ್ನೂ ಅವರು ಬಿಡಲಿಲ್ಲ. ಆ ತಳಿ ಬೆಳೆಯುವ ಮಾಧ್ಯಮ ಹುಳಿಯಾದಾಗ ಕೆಲವು ಮೊಗ್ಗುಗಳು ಒಡೆದು ಸೋರುತ್ತಿದ್ದವು. ಮಗುಕೋಶದ ಮೈಮೇಲೆ ಹೊಕ್ಕುಳಿನ ಹಾಗೆ ಹುಟ್ಟಿನ ಗುರುತು ಇರುತ್ತದಲ್ಲ, ಅದರ ನಟ್ಟನಡುವೆ ಒಂದು ಸಣ್ಣ ತೂತು. ತಾಯಿಯಿಂದ ಬೇರ್ಪಡಲು ಕೈಟಿನೇಸ್ ಎಂಬ ಕೈಟಿನ್ ಕತ್ತರಿಸುವ ಕಿಣ್ವ ಪರದೆಯನ್ನು ಕತ್ತರಿಸುತ್ತದೆ, ಹುಳಿಯಲ್ಲಿ ಮಿತಿಮೀರಿ ಕತ್ತರಿಸುತ್ತದೆ. ಆ ಗಾಯಕ್ಕೆ ತೇಪೆ ಹಾಕುವುದೇ ಮೊದಲ ಕಿಣ್ವದ ಕೆಲಸ ಎಂದು 1989ರಲ್ಲಿ ಬರೆದರು. ಬಫರ್ ಹಾಕಿ ಹುಳಿ ತಡೆದರೆ ಮೊಗ್ಗು ಸೋರುವುದಿಲ್ಲ.

ಈಗ ನಿನ್ನ ತಳಿಯ ವಿಷಯ. ಬಫರ್ ಇಲ್ಲದ ಮಾಧ್ಯಮದಲ್ಲಿ ಬೆಳೆಸಿ ನೋಡಿದ್ದೀಯಾ? 37 ಡಿಗ್ರಿಯಲ್ಲಿ? ಕ್ಯಾಲ್ಕೋಫ್ಲೋರ್ ಬೆರೆಸಿದ ಪ್ಲೇಟಿನ ಮೇಲೆ? ಅದೇ ಕೆಲಸ ಹಂಚಿಕೊಂಡಿರಬಹುದಾದ ಮತ್ತೊಂದು ಜೀನ್ ಇದೆಯೇ ಎಂದು ನಿನ್ನ ಗೈಡ್ ಹತ್ತಿರ ಕೇಳು. ಎರಡನ್ನೂ ಒಟ್ಟಿಗೆ ತೆಗೆದರೆ ಏನಾಗುತ್ತದೋ ನನಗೂ ಕುತೂಹಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡಿದ್ದನ್ನೆಲ್ಲ ವಿವರವಾಗಿ ಬರೆ.

ಇತಿ,
ನಿನ್ನ ಪ್ರೀತಿಯ ದೊಡ್ಡಪ್ಪ